ಸರ್ದಾರಬೀ ಸಿಸ್ಟರ್ ಕೇಳುವ ರೀತಿ

ಮಾತಿನಲ್ಲಿ ನಾನು ಸೋತದ್ದು ಒಬ್ಬರಿಗೇ. ಅವರು ನಮ್ಮೂರ ದವಾಖಾನೆಯ ಸರ್ದಾರಬೀ ಸಿಸ್ಟರ್.

ನಮ್ಮೂರು ಮಂಗಳೂರು. ಹಡಗು, ಮೀನು ಎಂದು ಯೋಚಿಸಬೇಡಿ, ಇದು ಯಲಬುರ್ಗಾ ಸೀಮೆಯ ಎರೆಹೊಲದ ಮಂಗಳೂರು. ಇಲ್ಲಿ ನನ್ನದೊಂದು ಬೀಜ ಗೊಬ್ಬರದ ಅಂಗಡಿ. ಹೆಸರು ಪ್ರಭುರಾಜ. ಬಾಯಿದ್ದವನು ಬರಗಾಲದಲ್ಲೂ ಬದುಕಿದ ಎನ್ನುತ್ತಾರಲ್ಲ, ಆ ಬಾಯಿ ನನಗೆ ದೇವರು ಧಾರಾಳವಾಗಿ ಕೊಟ್ಟಿದ್ದಾನೆ. ನನ್ನ ಹೆಂಡತಿ ಅನ್ನಮ್ಮನ ಪಾಲಿನ ಮಾತನ್ನೂ ನಾನೇ ಆಡುತ್ತ ಬಂದವನು. ನೆಂಟರು ಅವಳನ್ನು "ಹ್ಯಾಂಗದೀಯವ್ವಾ" ಎಂದು ಕೇಳಿದರೆ "ಆರಾಮ ಅದಾಳ್ರಿ" ಎನ್ನುತ್ತಿದ್ದವನು ನಾನು. ಅವಳು ತಲೆ ಆಡಿಸುತ್ತಿದ್ದಳು, ಅಷ್ಟೆ.

ಸಿಸ್ಟರ್ ಕುಷ್ಟಗಿಯವರು. ನಮ್ಮೂರಿಗೆ ಬಂದು ಹತ್ತೊಂಬತ್ತು ವರ್ಷವಾಯಿತು. ಈ ನಡುವೆ ಎಷ್ಟೋ ಡಾಕ್ಟರು ಬಂದರು, ವರ್ಗವಾಗಿ ಹೋದರು, ಸಿಸ್ಟರ್ ಮಾತ್ರ ಅದೇ ಸ್ಟೂಲಿನ ಮೇಲೆ ಇದ್ದಾರೆ. ಅವರ ತಂದೆ ಮಕ್ಬುಲಸಾಬರು ಬಳೆಗಾರರು. ಸಣ್ಣವರಿದ್ದಾಗ ಸಿಸ್ಟರೂ ತಂದೆಯ ಹಿಂದೆ ಬಳೆಯ ಗಂಟು ಹೊತ್ತು ಹಳ್ಳಿ ಹಳ್ಳಿ ತಿರುಗಿದವರು. ರೋಗಿಯ ಮುಂಗೈ ಹಿಡಿದರೆಂದರೆ ನಾಡಿ ಎಣಿಸಿ ಮುಗಿದರೂ ಬಿಡುವುದಿಲ್ಲ. ಒಮ್ಮೆ ಯಾಕೆ ಎಂದು ಕೇಳಿದ್ದೆ.

"ಬಳಿ ಇಡಸೋವಾಗ ಹೆಣ್ಮಕ್ಳು ಮನಸ್ಸಿನಾಗಿಂದ ಎಲ್ಲಾ ಹೇಳ್ತಿದ್ರು ಸಾವ್ಕಾರ್ರ," ಎಂದರು. "ಕೈ ಇನ್ನೊಬ್ಬರ ಕೈಯಾಗ ಇದ್ರ ಸುಳ್ಳು ಹೇಳಾಕ ಆಗೂದಿಲ್ಲ. ಮತ್ತ ಅಲ್ಲಿ ಗಂಡಸರು ಕುಂದರತಿದ್ದಿಲ್ಲ."

ಅವರು "ಏನಾಗೈತಿ" ಎಂದು ಕೇಳುವುದೇ ಇಲ್ಲ. ಕೇಳಿದರೆ ನಮ್ಮ ಜನ ಏನಾಗುತ್ತಿದೆ ಎಂದು ಹೇಳದೆ ರೋಗದ ಹೆಸರನ್ನೇ ಹೇಳಿಬಿಡುತ್ತಾರೆ. ಗ್ಯಾಸು, ಪಿತ್ತ, ಇಲ್ಲವೆ ಯಾರದೋ ಕೆಟ್ಟ ಕಣ್ಣಿನ ನೆದರು. ಅದಕ್ಕೆ ಸಿಸ್ಟರ್ ಮುಂಜಾನೆ ಎದ್ದಲ್ಲಿಂದ ಮಾಡಿದ ಕೆಲಸ ಕೇಳುತ್ತಾರೆ, ಈ ತಿಂಗಳು ಬಿಟ್ಟ ಕೆಲಸ ಯಾವುದು ಎಂದು ಕೇಳುತ್ತಾರೆ. ಇವರು ನರ್ಸೋ ಜನಗಣತಿಯವರೋ ಎಂದು ನಾನು ಅಂಗಡಿಯಲ್ಲಿ ಕೂತು ನಗೆಯಾಡಿದ್ದುಂಟು.

ನಮ್ಮೂರ ಕುರಿಗಾಹಿ ಹೊನ್ನೂರಪ್ಪನ ಸಂಗತಿ ನಡೆದಾಗಲೂ ನಕ್ಕಿದ್ದೆ. ಅವನು ಕೆಮ್ಮಿಗೆ ಔಷಧ ಕೇಳಲು ಬರಿಗಾಲಿನಲ್ಲಿ ಹೋಗಿದ್ದ. ಚಪ್ಪಲಿ ಎಲ್ಲಿ ಎಂದು ಸಿಸ್ಟರ್ ಕೇಳಿದರು. ಬಿಗಿಯಾಗುತ್ತವೆ, ತಮ್ಮನಿಗೆ ಕೊಟ್ಟೆ ಎಂದ. ಹೊಸ ಚಪ್ಪಲಿ, ಮೊದಲು ಸರಿಯಾಗಿದ್ದವು, ತಿಂಗಳಿಂದ ಬಿಗಿ. ಮಲಗುವುದು ಹೇಗೆ ಎಂದರು. ಮಲಗಿದರೆ ಉಸಿರು ಕಟ್ಟುತ್ತದೆ, ಗೋಡೆಗೆ ಒರಗಿ ಕೂತೇ ನಿದ್ದೆ ಮಾಡುತ್ತೇನೆ ಎಂದ. ಸಿಸ್ಟರ್ ಕೆಮ್ಮಿನ ಬಾಟಲಿ ಕೊಡಲಿಲ್ಲ, ಅವನ ಪಾದದ ಬಾವು ಒತ್ತಿ ನೋಡಿ ಡಾಕ್ಟರ ಬಳಿಗೆ ಕರೆದೊಯ್ದರು. ಅವನ ಹೃದಯ ಸೋತು ಕಾಲಿಗೆ ನೀರು ಇಳಿದಿತ್ತಂತೆ. ಈಗ ಗುಳಿಗೆ ತಿಂದು ಕುರಿ ಕಾಯುತ್ತಾನೆ.

ಇನ್ನು ನನ್ನ ಕಥೆ. ಹೋದ ವರ್ಷ ಬಿತ್ತನೆಯ ಮಿರಗದ ಮಳೆ ಬಿದ್ದು, ಬೀಜ ಕೊಳ್ಳುವವರಿಂದ ಅಂಗಡಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಅದಕ್ಕೂ ಎರಡು ತಿಂಗಳ ಮೊದಲಿನಿಂದ ಅನ್ನಮ್ಮ ಎದೆ ಭಾರ ಎನ್ನುತ್ತಿದ್ದಳು. ಗ್ಯಾಸ್ ಎಂದು ನಾನೇ ತೀರ್ಮಾನಿಸಿದೆ. ಊಟ ಬಲ್ಲವನಿಗೆ ರೋಗವಿಲ್ಲ ಎಂದು ಗಾದೆ ಹೇಳಿ, ಕಡಲೆಬೇಳೆ ಬಿಡಿಸಿ, ಸೋಡಾ ಕುಡಿಸಿದೆ. ಪೇಟೆಯ ಡಾಕ್ಟರೊಬ್ಬರಿಗೆ ತೋರಿಸಿದೆ. ಅವರು ಅವಳ ಮುಖ ನೋಡುವ ಮೊದಲೇ "ಗ್ಯಾಸ್ ಆಗೈತ್ರಿ" ಎಂದೆ, ಅವರು ಅದಕ್ಕೇ ಗುಳಿಗೆ ಬರೆದರು. ನಡುವೆ ದವಡೆ ನೋಯುತ್ತದೆ ಎಂದಳು. ಹಲ್ಲಿನವರು "ಹಲ್ಲು ಗಟ್ಟಿ ಐತ್ರಿ" ಎಂದರೂ ಕೇಳದೆ ಹಟ ಹಿಡಿದು ಒಂದು ದವಡೆ ಹಲ್ಲು ಕೀಳಿಸಿದೆ. ಇದನ್ನು ಬರೆಯುವಾಗ ನನಗೆ ಈಗಲೂ ನಾಚಿಕೆಯಾಗುತ್ತದೆ.

ಆ ಗದ್ದಲದ ಒಂದು ದಿನ ಮುಂಜಾನೆ ಹನ್ನೊಂದರ ಸುಮಾರಿಗೆ ಅವಳು ಅಂಗಡಿಯ ಬಾಗಿಲಿಗೆ ಬಂದು ನಿಂತಳು. ಅವಳು ಅಂಗಡಿಗೆ ಬರುವವಳಲ್ಲ.

"ದವಾಖಾನಿಗೆ ಹೋಗಿ ಬರೂಣೇನ್ರಿ," ಎಂದಳು.

ಬೀಜದ ಚೀಲ ತೂಗುವುದನ್ನು ಬಿಟ್ಟು ಗೊಣಗುತ್ತ ಹೊರಟೆ. ನಮ್ಮಲ್ಲಿ ಗಂಡ ಮುಂದೆ ನಡೆಯುತ್ತಾನೆ, ಹೆಂಡತಿ ಹಿಂದೆ ಬರುತ್ತಾಳೆ. ದವಾಖಾನೆಯ ಗೇಟು ಮುಟ್ಟಿ ತಿರುಗಿ ನೋಡಿದರೆ ಅವಳಿನ್ನೂ ಹಿಟ್ಟಿನ ಗಿರಣಿಯ ಹತ್ತಿರ ಇದ್ದಳು. ಲಗೂನ ಬಾ ಎಂದು ಗದರಿದೆ.

ಸಿಸ್ಟರ್ ಅವಳನ್ನು ಕೂರಿಸಿ ಕೈ ಹಿಡಿದರು. "ಯಾವಾಗಿಂದ ಅನ್ನಮ್ಮಾರ?" ಎಂದರು.

"ಎರಡ ತಿಂಗಳಾತ್ರಿ, ಗ್ಯಾಸ್," ಎಂದೆ ನಾನು.

"ಮುಂಜಾನಿ ಏನ್ ತಿಂದ್ರಿ?"

"ಅವಲಕ್ಕಿ ತಿಂದಾಳ್ರಿ."

"ಈಗ ಹ್ಯಾಂಗ ಅನಸ್ತೈತಿ?"

"ಹೊಟ್ಟಿ ಉಬ್ಬಿದಂಗ," ಎಂದು ಅದನ್ನೂ ನಾನೇ ಹೇಳಿದೆ.

ಸಿಸ್ಟರ್ ನನ್ನ ಕಡೆ ತಿರುಗಿದರು. "ಸಾವ್ಕಾರ್ರ, ಹೊರಗ ಕುಂದರ್ರಿ."

ನನಗೆ ಸಿಟ್ಟು ನೆತ್ತಿಗೇರಿತು. "ಮೂವತ್ಮೂರು ವರ್ಷ ಸಂಸಾರ ಮಾಡೀನಿ. ಆಕಿದೇನು ನನಗ ಗೊತ್ತಿಲ್ಲದ್ದು ಐತಿ?"

"ಅದಕ್ಕ ಹೊರಗ ಕುಂದರ್ರಿ ಅಂದೆ," ಎಂದರು, ದನಿ ಏರಿಸದೆ.

ಹೊರಗಿನ ಬೆಂಚಿನ ಮೇಲೆ ಕೂತೆ. ಕಿಟಕಿ ತೆರೆದಿತ್ತು. ಕದ್ದು ಕೇಳಿದೆ ಎಂದು ಒಪ್ಪಿಕೊಳ್ಳುತ್ತೇನೆ.

"ನೋವು ಎಲ್ಲಿ ಐತಿ, ತೋರಸ್ರಿ."

ಇಣುಕಿದೆ. ಅನ್ನಮ್ಮ ಬೆರಳಿಟ್ಟು ತೋರಿಸಲಿಲ್ಲ, ಇಡೀ ಅಂಗೈಯನ್ನು ಎದೆಯ ನಡುವೆ ಇಟ್ಟುಕೊಂಡಳು. "ನೋವಲ್ರಿ ಅದು. ಹಿಟ್ಟಿನ ಚೀಲ ಹೇರಿದಂಗ ಆಗತೈತಿ."

"ಯಾವಾಗ ಆಗತೈತಿ?"

"ಮಾಳಿಗಿ ಏರೋವಾಗ. ಶ್ಯಾಂಡಿಗಿ ಒಣಗಸಾಕ ಹೋಗತಿದ್ನಲ್ರಿ, ಈ ಸಲ ಬಿಟ್ಟೆ. ನಿಂತ್ರ ಕಡಿಮಿ ಆಗತಿತ್ತು."

"ಮನಿಯಿಂದ ಇಲ್ಲಿ ಬರೋದ್ರಾಗ ಎಷ್ಟು ಕಡೆ ನಿಂತ್ರಿ?"

"ಮೂರು ಕಡೆ. ಹನಮಪ್ಪನ ಗುಡಿ ಕಟ್ಟಿ, ಗಿರಣಿ, ಆಮ್ಯಾಲ ನಿಮ್ಮ ಗೇಟು. ಇವತ್ತು ನಿಂತ್ರೂ ಕಡಿಮಿ ಆಗವಲ್ದು. ಮೈಯೆಲ್ಲಾ ತಣ್ಣನ ಬೆವರು."

ನಾನು ಬರೀ ಗಿರಣಿಯನ್ನು ನೋಡಿದ್ದೆ. ಅದಕ್ಕೂ ಗದರಿದ್ದೆ.

"ಕೈ ಏನಾದ್ರೂ ನೋಯತೈತಿ?"

"ಎಡಗೈ ಸೇದತೈತ್ರಿ. ಅದು ರೊಟ್ಟಿ ಬಡದು ಬಡದು ಬಂದದ್ದು."

"ರೊಟ್ಟಿ ಯಾವ ಕೈಲೆ ಬಡೀತೀರಿ?"

"ಬಲಗೈಲೆ."

"ಎಡಗೈ ಏನ್ ಮಾಡತೈತಿ?"

"ಬರೇ ರೊಟ್ಟಿ ತಿರುವತೈತಿ."

"ಬಡಿಯೋ ಕೈ ಆರಾಮ ಐತಿ," ಎಂದರು ಸಿಸ್ಟರ್ ಮೆಲ್ಲಗೆ. "ತಿರುವೋ ಕೈ ಯಾಕ ಸೇದತೈತಿ, ತಂಗಿ?"

ಆ ಪ್ರಶ್ನೆಯ ಅರ್ಥ ನನಗೂ ತಿಳಿಯಿತು. ಮೂವತ್ಮೂರು ವರ್ಷ ಆ ಕೈಯ ರೊಟ್ಟಿ ತಿಂದಿದ್ದೇನೆ, ಯಾವ ಕೈ ಬಡಿಯುತ್ತದೆ ಎಂದು ಒಂದು ದಿನವೂ ನೋಡಿರಲಿಲ್ಲ. ಬೆಂಚಿನ ಮೇಲೆ ಕೂರಲಾಗದೆ ಎದ್ದು ನಿಂತೆ.

ಸಿಸ್ಟರ್ ಇನ್ನೆರಡು ಮಾತು ಕೇಳಿದರು. ಸಕ್ಕರೆ ಕಾಯಿಲೆಯ ಗುಳಿಗೆ ತಿಂಗಳ ಹಿಂದೆಯೇ ಖಾಲಿಯಾಗಿದ್ದವು, ಅಂಗಡಿಯ ಗದ್ದಲದಲ್ಲಿ ನನಗೆ ಹೇಳಿರಲಿಲ್ಲ. ಅವಳ ಅಣ್ಣ ನಲವತ್ತೆಂಟಕ್ಕೇ ಹೊಲದಲ್ಲಿ ಬಿದ್ದು ತೀರಿಕೊಂಡಿದ್ದ. ದೆವ್ವದ ಗಾಳಿ ಬಡಿಯಿತು ಎಂದು ನಾವೆಲ್ಲ ನಂಬಿದ್ದೆವು. ಸಿಸ್ಟರ್ ಪಕ್ಕದ ಕೋಣೆಯಿಂದ ಡಾಕ್ಟರ್ ಅಮೃತಾ ಅವರನ್ನು ಕರೆದರು. ಇಸಿಜಿ ಎನ್ನುವ ಎದೆಯ ಪಟ್ಟಿ ತೆಗೆಯಲು ಮುಂಗೈಗೆ ಕ್ಲಿಪ್ ಹಾಕಬೇಕಿತ್ತು.

"ಬಳಿ ತಗೀಬೇಕೇನ್ರಿ?" ಅನ್ನಮ್ಮ ಕೈ ಹಿಂದಕ್ಕೆ ಎಳೆದುಕೊಂಡಳು. ಗಂಡ ಬದುಕಿರುವಾಗ ಬರಿಗೈ ಮಾಡಿಕೊಳ್ಳುವುದೆಂದರೆ ನಮ್ಮ ಹೆಣ್ಣುಮಕ್ಕಳಿಗೆ ಜೀವ ಹೋದಷ್ಟು ಅಂಜಿಕೆ.

"ಒಂದೂ ತಗಿಯೂದು ಬ್ಯಾಡ. ನಾನು ಬಳಿಗಾರರ ಮಗಳದೀನಿ." ಹಸಿರು ಬಳೆಗಳನ್ನು ಒಂದೂ ಒಡೆಯದಂತೆ ಮೊಣಕೈ ಕಡೆಗೆ ಸರಿಸಿ ಕೂರಿಸಿದರು.

ಕಾಗದ ನೋಡಿದ ಡಾಕ್ಟರು ತಡಮಾಡಲಿಲ್ಲ. ಗುಳಿಗೆ ಅಗಿಯಲು ಕೊಟ್ಟರು, ಆಂಬುಲೆನ್ಸಿಗೆ ಫೋನ್ ಮಾಡಿದರು, ನನ್ನನ್ನು ಕರೆದು ಹೃದಯಾಘಾತ ಎಂದರು. ನಾನು ಅನ್ನಮ್ಮನ ರಟ್ಟೆ ಹಿಡಿದು ಎಬ್ಬಿಸಲು ಹೋದೆ. ಸಿಸ್ಟರ್ ನನ್ನ ಕೈ ತಡೆದರು.

"ಒಂದು ಹೆಜ್ಜಿ ಸೈತ ನಡೆಯೂದು ಬ್ಯಾಡ, ಸಾವ್ಕಾರ್ರ. ಭಾಳ ನಡದಾರ."

ಆಂಬುಲೆನ್ಸಿನಲ್ಲಿ ಕೊಪ್ಪಳದ ತನಕ ಸಿಸ್ಟರ್ ಅವಳ ಕೈ ಬಿಡಲಿಲ್ಲ. ನಾನು ಎದುರಿನ ಸೀಟಿನಲ್ಲಿ ಬಾಯಿ ಮುಚ್ಚಿಕೊಂಡು ಕೂತಿದ್ದೆ. ಗುಡಿಗಳು ಕಂಡಲ್ಲೆಲ್ಲ ಕೈ ಮುಗಿದೆ. ಆಕೆಯನ್ನು ಉಳಿಸು ಎಂದಷ್ಟೇ ಕೇಳಿಕೊಂಡೆ, ಹರಕೆಯ ಮಾತೂ ಹೊಳೆಯಲಿಲ್ಲ.

ದೊಡ್ಡ ಆಸ್ಪತ್ರೆಯಲ್ಲಿ ಹೆಪ್ಪುಗಟ್ಟಿದ ರಕ್ತ ಕರಗಿಸುವ ಇಂಜೆಕ್ಷನ್ ಕೊಟ್ಟರು. ಸಂಜೆಯ ಹೊತ್ತಿಗೆ ಅವಳ ಮುಖಕ್ಕೆ ಬಣ್ಣ ಬಂತು. ಅವಳು ನೀರು ಕೇಳಿ ಕುಡಿದ ಮೇಲೆಯೇ ಸಿಸ್ಟರ್ ಊರಿನ ಬಸ್ಸಿಗೆ ಹೊರಟರು. ನಾನು ಬಸ್‌ಸ್ಟ್ಯಾಂಡಿನ ತನಕ ಬಿಡಲು ಹೋಗಿ, ನಿಮ್ಮ ಉಪಕಾರ ಹ್ಯಾಂಗ ತೀರಸ್ಲಿ ಎಂದೆ.

"ನಂದೇನೈತ್ರಿ," ಎಂದರು. "ಹೇಳಿದ್ದು ಅವರು. ನಾ ಕೇಳಿದೆ ಅಷ್ಟ."

ನಾಲ್ಕನೆಯ ದಿನ ಮುಂಜಾನೆ ವಾರ್ಡಿನ ಡಾಕ್ಟರು ಬಂದರು. ಚಿಕ್ಕ ವಯಸ್ಸಿನವರು, ಫೈಲು ನೋಡುತ್ತಲೇ "ಹ್ಯಾಂಗದಾರ ಈಗ?" ಎಂದು ನನ್ನನ್ನು ಕೇಳಿದರು. ಅನ್ನಮ್ಮನೂ ರೂಢಿಯಂತೆ ನನ್ನ ಬಾಯಿ ನೋಡಿದಳು. ಆರಾಮ ಅದಾಳ್ರಿ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ನುಂಗಿಕೊಂಡೆ.

"ನನಗ ಗೊತ್ತಿಲ್ರಿ," ಎಂದೆ. "ಆಕೀನ್ನ ಕೇಳ್ರಿ."

ಡಾಕ್ಟರು ಫೈಲು ಮುಚ್ಚಿ ಕಾದರು. ನಾನೂ ಕಾದೆ. ಜೀವಮಾನದಲ್ಲಿ ಅಷ್ಟು ಹೊತ್ತು ನಾನು ಬಾಯಿ ಬಿಡದೆ ನಿಂತದ್ದಿಲ್ಲ.

"ಎದಿ ಹಗೂರ ಆಗೈತ್ರಿ," ಎಂದಳು ಕೊನೆಗೆ. ಆಮೇಲೆ ಡಾಕ್ಟರನ್ನು ಬಿಟ್ಟು ನನ್ನ ಕಡೆ ತಿರುಗಿದಳು. "ಎರಡ ತಿಂಗಳು ದಿನಾ ಅಂಜಿಕೋತ ಇದ್ದೆ. ಅಣ್ಣನಂಗ ನಾನೂ ಹೋಗಿಬಿಡ್ತೀನಿ ಅನಸ್ತಿತ್ತು. ನಿಮಗ ಹೇಳಬೇಕಂತ ಮಾಡಿದ್ದೆ."