ಆಯಿಲ್ ಅಂಕಿ ನೋಡುತ್ತ ಬೈಂದೂರಿಗೆ

2009ರ ಜನವರಿಯ ಒಂದು ಭಾನುವಾರ ಬೆಳಿಗ್ಗೆ ಎಂಟಕ್ಕೆ ಬ್ರಹ್ಮಾವರದಿಂದ ಹೊರಟೆವು. ಬೈಂದೂರಿನಲ್ಲಿ ನನ್ನ ಹೆಂಡತಿಯ ತಮ್ಮನಿಗೆ ಹೆಣ್ಣು ನೋಡುವುದಿತ್ತು. ಅರವತ್ತು ಕಿಲೋಮೀಟರಿಗೆ ತುಸು ಕಮ್ಮಿ ದಾರಿ. ಹದಿನಾಲ್ಕು ವರ್ಷ ಮನೆಯ ಇಂಥ ಕೆಲಸಕ್ಕೆಲ್ಲ ನನ್ನ ಬಾಡಿಗೆ ಜೀಪೇ ಹೋಗುತ್ತಿತ್ತು. ಮಾವ ಮುಂದೆ ನನ್ನ ಪಕ್ಕ ಕೂರುತ್ತಿದ್ದರು. ಈ ಸಲ ಷಡ್ಡಕ ಸುಧಾಕರ ಮುಂಬೈಯಿಂದ ಕಾರು ತಂದಿದ್ದ. ಅವನ ಹೋಟೆಲಿನ ಗಿರಾಕಿಯೊಬ್ಬರು ಲಂಡನ್ನಿನಿಂದ ಹಡಗಿನಲ್ಲಿ ತರಿಸಿ, ಆಮೇಲೆ ಅವನಿಗೆ ಮಾರಿದ್ದಂತೆ.

"ನೀನ್ ಹಿಂದ್ ಕೂಕೋ ಮಾರಾಯ," ಎಂದು ಮಾವ ಮುಂದೆ ಹತ್ತಿದರು. "ಸದ್ದೇ ಇಲ್ಲೆ ಕಾಣ್."

ಹೊಟ್ಟೆ ಉರಿಯಿತು, ಸುಳ್ಳೇಕೆ ಹೇಳಲಿ. ಮದುವೆಯ ಹುಡುಗನ ಪಕ್ಕ ಮೊಣಕಾಲು ಮಡಚಿ ಕೂತೆ. ಸುಧಾಕರ ಕೀಲಿ ತಿರುಗಿಸಿದಂತೆ ಸ್ಟೇರಿಂಗಿನ ಹಿಂದೆ ಹಸಿರು ಅಕ್ಷರ ಮೂಡಿತು: ಮುಂದಿನ ಸರ್ವಿಸಿಗೆ 412 ಕಿ.ಮೀ.

"ಕಾರೇ ಲೆಕ್ಕ ಇಡತ್ತ್. ನಿನ್ನ ಜೀಪ್ ಹೇಳತ್ತಾ?" ಮಾವ ತಿರುಗಿ ಕೇಳಿದರು.

ಬಾಡಿಗೆ ಓಡಿಸುವವನ ಕಣ್ಣು ತಾನಾಗಿ ಕಿಲೋಮೀಟರ್ ಕಲ್ಲಿನ ಮೇಲೆ ಹೋಗುತ್ತದೆ. ಸಾಲಿಗ್ರಾಮಕ್ಕೆ ಎಂಟು ಕಲ್ಲು ದಾಟಿದೆವು, ಅಂಕಿ ಇಳಿದದ್ದು ಐದೇ. ತೆಕ್ಕಟ್ಟೆಯ ಹೊತ್ತಿಗೆ ಹದಿನಾರು ಕಲ್ಲು, ಇಳಿದದ್ದು ಹತ್ತು. ಆಗ ಗೊತ್ತಾಯಿತು. ಎಂಟು ಕಿಲೋಮೀಟರೆಂದರೆ ಐದು ಮೈಲಿ, ಲಂಡನ್ನಿನ ಕಾರು ಎಣಿಸುವುದು ಮೈಲಿ. ಇಲ್ಲಿಗೆ ಬಂದ ಮೇಲೆ ಯಾರೋ ಮೈಲಿಯನ್ನು ಕಿಲೋಮೀಟರಿಗೆ ಬದಲಿಸಿದ್ದಾರೆ. ಸ್ಪೀಡು ಬದಲಾಗಿದೆ, ಈ ಸರ್ವಿಸ್ ಲೆಕ್ಕ ಮಾತ್ರ ಪಕ್ಕದಲ್ಲಿ ಕಿ.ಮೀ. ಎಂದು ಬರೆದುಕೊಂಡು ಮೈಲಿಯನ್ನೇ ಎಣಿಸುತ್ತಿದೆ. ಹತ್ತು ಸಾವಿರಕ್ಕೆ ಆಯಿಲ್ ಬದಲಿಸಬೇಕಾದವನು ಇದನ್ನು ನಂಬಿದರೆ ಹದಿನಾರು ಸಾವಿರ ಓಡಿಸುತ್ತಾನೆ. ಅಂದರೆ ಇಂಜಿನ್ನಿನಲ್ಲಿ ಈಗ ಇರುವುದು ಆಯಿಲ್ ಅಲ್ಲ, ಬರೀ ಡಾಂಬರು.

ಹೇಳಬೇಕಿತ್ತು. ಕುಂದಾಪುರದಲ್ಲಿ ಗೋಳಿಬಜೆ ತಿನ್ನುವಾಗ ಬಾಯಿ ತೆರೆದೆ ಕೂಡ. ಅಷ್ಟರಲ್ಲಿ ಮಾವ ಹೋಟೆಲಿನವರಿಗೆ, "ನಮ್ ಕಿರಿ ಅಳಿಯಂದ್ ಕಾರ್," ಎಂದು ಕೈ ತೋರಿಸಿದರು. ತೆರೆದ ಬಾಯಿಗೆ ಚಾ ಹೊಯ್ದುಕೊಂಡೆ. ನಡುದಾರಿಯಲ್ಲಿ ನಿಲ್ಲಲಿ, ಆಗ ಯಾರ ಜೀಪು ಬೇಕಾಗುತ್ತದೆ ನೋಡೋಣ ಎಂದುಕೊಂಡೆ. ಹೆಣ್ಣಿನ ಮನೆಯವರು ಕಾಯುತ್ತಿರುವುದು ಗೊತ್ತಿದ್ದೇ ಹಾಗೆ ಅಂದುಕೊಂಡೆ.

ಮರವಂತೆಯಲ್ಲಿ ಎಡಕ್ಕೆ ಸಮುದ್ರ, ಬಲಕ್ಕೆ ಹೊಳೆ. ಎಲ್ಲರೂ ಅದನ್ನು ನೋಡಿದರು, ನಾನು ಇಂಜಿನ್ನಿನ ಸದ್ದಿಗೆ ಕಿವಿಯಿಟ್ಟಿದ್ದೆ. ಕಾರು ನಿಲ್ಲಲಿಲ್ಲ. ಬೈಂದೂರಿನಲ್ಲಿ ಹುಡುಗಿ ಒಪ್ಪಿಗೆಯಾದಳು, ಊಟವೂ ಚೆನ್ನಾಗಿತ್ತು. ಎರಡನೇ ಸಲ ಪಾಯಸ ಬಂದಾಗ ನಾನು ಎಲೆಗೆ ಕೈ ಅಡ್ಡ ಹಿಡಿದೆ.

ವಾಪಸ್ ಬರುವಾಗ ಮರವಂತೆಯಲ್ಲಿ ಬೊಂಡದ ಎಳನೀರು ಕುಡಿಯಲು ನಿಂತೆವು. ಸುಧಾಕರ ಬಾಗಿಲು ತೆರೆದಿಟ್ಟಿದ್ದ. ಅದರ ಒಳ ಅಂಚಿನಲ್ಲಿ ಬಿಳಿ ಬಣ್ಣದಲ್ಲಿ ಎರಡು ಅಂಕಿ: ಆಯಿಲ್ ಬದಲಿಸಿದ್ದು, ಮುಂದೆ ಬದಲಿಸಬೇಕಾದ್ದು. ಬಗ್ಗಿ ಮೀಟರ್ ನೋಡಿದೆ, ಮೊದಲನೆಯದಕ್ಕಿಂತ ಕಾರು ಸಾವಿರ ಕಿಲೋಮೀಟರೂ ಹೆಚ್ಚಿಗೆ ಓಡಿರಲಿಲ್ಲ.

"ಇದೆಂತ?" ಎಂದೆ.

"ಆ ಹಸ್ರ್ ಅಂಕಿ ಸಮಾ ಇಲ್ಲೆ ಭಾವ, ಮೈಲಿ ಎಣಿಸತ್ತ್. ಮಾವಂಗೆ ಖುಷಿ ಅಂತ ಹಂಗೇ ಬಿಟ್ಟದ್ದ್. ನಾನ್ ಕಾಂಬುದ್ ಇದನ್ನೇ. ನಿಮ್ ಜೀಪಲ್ಲ್ ಡ್ರೈವಿಂಗ್ ಕಲೀವಾಗ ನೀವೇ ಹೇಳಿದ್ದಲ್ದಾ, ಬಾಗ್ಲಲ್ಲ್ ಬರ್ದಿಡುಕೆ?" ಒಂದು ಗುಟುಕು ಕುಡಿದು ಕೇಳಿದ, "ನಿಮ್ಗೂ ಗೊತ್ತಾಯ್ತಾ, ಅದ್ ತಪ್ಪ್ ಅಂತ?"

ಮಾವ ನನ್ನ ಮುಖ ನೋಡಿದರು.

"ಇಲ್ಲೆ," ಎಂದೆ.

ಮಾವ ಬೊಂಡ ಕೆಳಗಿಟ್ಟು ಹಿಂದಿನ ಸೀಟಿಗೆ ಹತ್ತಿದರು. "ಕಲ್ಸಿದವ ನೀನ್ ಮಾರಾಯ. ನೀನ್ ಮುಂದ್ ಕೂಕೋ."

ಬೆಳಿಗ್ಗೆಯಿಂದ ಹೊಟ್ಟೆ ಉರಿಸಿದ ಸೀಟು ಸಿಕ್ಕಿತು. ಹಸಿರು ಅಂಕಿ ಬ್ರಹ್ಮಾವರದವರೆಗೂ ಮಗ್ಗುಲಲ್ಲೇ ಇಳಿಯುತ್ತಿತ್ತು. ನಾನು ಕಿಟಕಿಯ ಹೊರಗೆ ನೋಡುತ್ತ ಕೂತೆ.