ಬಾಗಿಲು ನೋಡುವ ಗೊಂಬೆಗಳು

ಕಣ್ಣಕ್ಕನ ನಿಜವಾದ ಹೆಸರು ಗೊಂಬೆ ಕಾರ್ಖಾನೆಯಲ್ಲಿ ಸಂಬಳ ಕೊಡುವವರಿಗೆ ಮಾತ್ರ ಗೊತ್ತಿತ್ತು. ಉಳಿದವರಿಗೆಲ್ಲ ಅವಳು ಕಣ್ಣಕ್ಕ, ಗೊಂಬೆಗಳಿಗೆ ಕಣ್ಣು ಬರೆಯುವವಳು. ಮದುವೆಗೆ ಮುಂಚೆ ಹಿಡಿದ ಕುಂಚವನ್ನು ಎರಡು ಮಕ್ಕಳಾದರೂ ಬಿಟ್ಟಿರಲಿಲ್ಲ. ಎಡಗೈಯಲ್ಲಿ ಬೋಳುತಲೆಯ ಗೊಂಬೆ. ಮೊದಲು ಬಿಳಿ ಬಣ್ಣ, ಅದು ಒಣಗಿದ ಮೇಲೆ ಕರಿ ಪಾಪೆ, ಕೊನೆಗೆ ಪಾಪೆಯೊಳಗೆ ಎಳ್ಳಿನಷ್ಟು ಬೆಳಕಿನ ಚುಕ್ಕೆ. ಚುಕ್ಕೆ ಇಡುವ ಮುಂಚೆ "ನನ್ನ ನೋಡೇ ಪುಟ್ಟಿ, ಇಲ್ಲಿ ನೋಡು" ಎಂದು ಮುದ್ದಿಸುವುದು ಅವಳ ಪದ್ಧತಿ. ಬರೆಯುವವಳನ್ನು ನೋಡಿದ ಗೊಂಬೆ ಕೊಳ್ಳುವ ಮಗುವನ್ನೂ ನೋಡುತ್ತದಂತೆ. ಹುಚ್ಚು ಅನ್ನಿ ಬೇಕಾದರೆ. ಅವಳ ಗೊಂಬೆಯನ್ನು ಎತ್ತಿಕೊಂಡ ಮಗು ಅಂಗಡಿಯಲ್ಲಿ ಅದನ್ನು ಕೆಳಗಿಟ್ಟದ್ದು ಮಾತ್ರ ಕಡಿಮೆ.

ಹೀಗೆ ನಡೆಯುತ್ತಿದ್ದ ಸಂಸಾರಕ್ಕೆ ಬಂದು ವಕ್ಕರಿಸಿದ ಹೊಸ ಸೂಪರ್‌ವೈಸರ್. ಕೂಗಾಡುವವನಲ್ಲ. ಅಯ್ಯೋ, ಕೂಗಾಡಿದ್ದರೆ ಎಷ್ಟೋ ವಾಸಿಯಿತ್ತು, ತಿರುಗಿ ನಾಲ್ಕು ಮಾತು ಅಂದು ಹಗುರಾಗಬಹುದಿತ್ತು. ಇವನದು ಬೆಣ್ಣೆಯಲ್ಲಿ ಕೂದಲು ತೆಗೆದಂಥ ಮಾತು. ಸೋಮವಾರ "ಪಾಪೆ ದೊಡ್ಡದಾಗಿರಲಿ" ಅನ್ನುವನು. ಬುಧವಾರ ಬಂದು "ಇಷ್ಟು ದೊಡ್ಡದು ಯಾರು ಹೇಳಿದ್ದು?" ಅನ್ನುವನು.

"ನೀವೇ ಹೇಳಿದ್ರಲ್ಲ ಸಾರ್."

"ನಾನಾ? ಪಾಪ, ನಿಮಗೆ ಮರೆವು ಶುರುವಾಗಿದೆ ಅಕ್ಕ. ಆರೋಗ್ಯ ನೋಡ್ಕೊಳ್ಳಿ."

ಮಗುವನ್ನು ಚಿವುಟಿ ತೊಟ್ಟಿಲು ತೂಗುವ ಆಸಾಮಿ. ಕಣ್ಣು ಬರೆಯುವ ನಾಲ್ವರು ಕೂರುವ ಉದ್ದ ಮೇಜಿನ ತುದಿಗಿದ್ದ ತನ್ನ ಕೋಣೆಗೆ ಆಗಾಗ ಅವರನ್ನು ಒಬ್ಬೊಬ್ಬರನ್ನೇ ಕರೆಯುವನು. ಬಾಗಿಲು ಮುಚ್ಚುವನು. ತಿಂಗಳೆರಡರಲ್ಲಿ ಆ ಬಾಗಿಲು ಕಿರ್ ಎಂದರೆ ಸಾಕು, ಕಣ್ಣಕ್ಕನ ನೋಟ ಗೊಂಬೆಯನ್ನು ಬಿಟ್ಟು ಅತ್ತ ಹೊರಳುತ್ತಿತ್ತು. ಗೊಂಬೆಯನ್ನು ಮುದ್ದಿಸುವುದು ನಿಂತುಹೋಯಿತು. ಇಟ್ಟ ಚುಕ್ಕೆಯನ್ನೇ ಒರೆಸಿ ಒರೆಸಿ ಮತ್ತೆ ಇಡತೊಡಗಿದಳು. ವಯಸ್ಸಾಯಿತು, ಇನ್ನು ಈ ಕೈ ಮುಗಿಯಿತು ಎಂದುಕೊಂಡಳು.

ಒಂದು ದಿನ ಮನೆಯಲ್ಲಿ ಊಟಕ್ಕೆ ಕೂತಿದ್ದಾಗ ಬಾಗಿಲು ಸದ್ದಾಯಿತು. ಕಣ್ಣಕ್ಕ ತುತ್ತು ಬಿಟ್ಟು ಎದ್ದೇ ನಿಂತಳು.

"ಬೆಕ್ಕು ಕಣೇ," ಎಂದಳು ಅತ್ತೆ. "ಅದಕ್ಕೂ ಎದ್ದು ನಿಂತು ನಮಸ್ಕಾರ ಹೇಳ್ತೀಯೇನು? ನಾನು ಇಷ್ಟು ವರ್ಷದಿಂದ ಈ ಮನೇಲಿದ್ದೀನಿ, ನಂಗೊಂದು ದಿನಾನೂ ಹೀಗೆ ಹೆದರಲಿಲ್ಲ ನೀನು!"

ಗಂಡ ನಕ್ಕ, ಮಕ್ಕಳು ನಕ್ಕವು. ಕಣ್ಣಕ್ಕನೂ ನಕ್ಕಳು, ಆದರೆ ಹೋಗಿ ಬಾಗಿಲ ಚಿಲಕ ಹಾಕಿ ಬಂದಳು.

ಅದೇ ವಾರ ಸೂಪರ್‌ವೈಸರ್ ಅವಳನ್ನು ಒಳಗೆ ಕರೆದ. ಕಾಲ ಬಳಿ ದೊಡ್ಡ ರಟ್ಟಿನ ಪೆಟ್ಟಿಗೆ.

"ಅಂಗಡಿಯೋರು ವಾಪಸ್ ಕಳಿಸಿದ್ದಾರೆ. ಈ ಗೊಂಬೆಗಳು ಮುಖ ನೋಡೋದೇ ಇಲ್ಲ, ಮಕ್ಕಳು ಬೇಡ ಅಂತಾವಂತೆ. ಎಲ್ಲ ನಿಮ್ಮ ಕೆಲಸ. ಉಳಿದ ಮೂರು ಜನದ ಕೈ ಎಷ್ಟು ಚೆನ್ನಾಗಿದೆ! ಮುಂದಿನ ತಿಂಗಳಿಂದ ನೀವು ಪ್ಯಾಕಿಂಗ್‌ಗೆ ಹೋಗಿ. ಯಾರಿಗೂ ಹೇಳ್ಬೇಡಿ, ನಿಮ್ಮ ಮರ್ಯಾದೆಗೋಸ್ಕರ ಹೇಳ್ತಿದೀನಿ. ಇವನ್ನ ತಗೊಂಡು ಹೋಗಿ ಸರಿ ಮಾಡಿ."

ಪ್ಯಾಕಿಂಗ್ ಎಂದರೆ ಬೇರೆಯವರು ಬರೆದ ಕಣ್ಣುಗಳ ಮೇಲೆ ಮುಚ್ಚಳ ಹಾಕುವುದು. ಆ ಕೆಲಸ ಕೀಳೇನಲ್ಲ, ಆದರೆ ಕಣ್ಣಕ್ಕನಿಗೆ ಅದು ಜೀವ ಕಿತ್ತಿಟ್ಟ ಹಾಗೆ. ಪೆಟ್ಟಿಗೆ ಹೊತ್ತು ತನ್ನ ಜಾಗಕ್ಕೆ ತಂದಳು. ಅಷ್ಟರಲ್ಲಿ ಅವನು ಗೋದಾಮಿನ ಕಡೆ ಹೋದ. ಅವಳು ಗೊಂಬೆಗಳನ್ನು ಒಂದೊಂದಾಗಿ ತೆಗೆದು ಮೇಜಿನುದ್ದಕ್ಕೂ ತನ್ನ ಕಡೆ ಮುಖ ಮಾಡಿ ನಿಲ್ಲಿಸಿದಳು. ಒಂದೂ ಅವಳನ್ನು ನೋಡಲಿಲ್ಲ. ಎಲ್ಲವುಗಳ ಪಾಪೆಯೂ ಒಂದೇ ಮೂಲೆಗೆ ಸರಿದಿತ್ತು. ಎಲ್ಲಿಗೆ ನೋಡುತ್ತಿವೆ ಇವು ಎಂದು ತಿರುಗಿದರೆ, ಸೂಪರ್‌ವೈಸರನ ಬಾಗಿಲು!

ಅವಳಿಗೆ ಮೈ ಜುಮ್ಮೆಂದಿತು. ಬರೆಯುವವಳ ಕಣ್ಣು ಹೊರಳಿದ ಕಡೆ ಕೈಯೂ ಹೊರಳಿತ್ತು. ಒಂದು ಗೊಂಬೆಯ ಕತ್ತು ತಿರುವಿ ನೋಡಿದಳು. ಕತ್ತಿನ ಕೆಳಗೆ ಪ್ರತಿಯೊಬ್ಬರೂ ತಮ್ಮದೇ ಬಣ್ಣದ ಗುರುತು ಇಡುವ ರೂಢಿ. ಅವಳದು ನೀಲಿ. ಈ ಗೊಂಬೆಯದು ಹಸಿರು. ಪಕ್ಕದ್ದು ಹಳದಿ. ಅದರ ಪಕ್ಕದ್ದು ಕೆಂಪು. ನೀಲಿ ಅಲ್ಲೊಂದು ಇಲ್ಲೊಂದು.

"ಬನ್ರೇ ಇಲ್ಲಿ!" ಎಂದು ಕೂಗಿದಳು.

ಉಳಿದ ಮೂವರು ಕಣ್ಣು ಬರೆಯುವವರು ಓಡಿ ಬಂದರು. ಹಸಿರು ಚಷ್ಮದಕ್ಕನದು, ಹಳದಿ ಚಟಪಟ ಮಾತಾಡುವ ಪಟಾಕಿಯದು, ಕೆಂಪು ಮೌನಿಯದು. ಮೌನಿಗೆ ಬಾಯಿ ಇದೆ ಎಂಬುದೇ ಹಲವರಿಗೆ ಅನುಮಾನ. ನಾಲ್ವರೂ ಗೊಂಬೆಗಳನ್ನು ನೋಡಿದರು, ಬಾಗಿಲನ್ನು ನೋಡಿದರು.

ಮೌನಿಯೇ ಮೊದಲು ಬಾಯಿಬಿಟ್ಟಳು. "ನಂದೊಂದೇ ಕೈ ಕೆಟ್ಟಿರೋದು ಅಂದ್ರು. ಪ್ಯಾಕಿಂಗ್‌ಗೆ ಹೋಗು ಅಂದ್ರು."

"ನಂಗೂ ಹಾಗೇ ಅಂದ್ರಲ್ಲೇ!" ಎಂದಳು ಪಟಾಕಿ. "ಯಾರಿಗೂ ಹೇಳ್ಬೇಡ ಅಂತ ಬೇರೆ!"

"ನಂಗೆ ಚಷ್ಮ ಬದಲಾಯಿಸಿ, ಇಲ್ದಿದ್ರೆ ಪ್ಯಾಕಿಂಗ್‌ಗೆ ಹೋಗಿ ಅಂದ್ರು," ಎಂದಳು ಚಷ್ಮದಕ್ಕ. "ಪೆದ್ದಿ ಹಾಗೆ ಹೋಗಿ ಬದಲಾಯಿಸ್ಕೊಂಡು ಬಂದೆ!"

ಯಾರು ಮೊದಲು ನಕ್ಕರೋ ಗೊತ್ತಿಲ್ಲ. ನಗು ಶುರುವಾದದ್ದು ನಿಲ್ಲಲೇ ಇಲ್ಲ. ಸಾಲುಸಾಲಾಗಿ ನಿಂತು ಬಾಗಿಲನ್ನೇ ಕಳ್ಳನೋಟದಿಂದ ನೋಡುತ್ತಿದ್ದ ಆ ಬೋಳುತಲೆಗಳನ್ನು ಕಂಡಷ್ಟೂ ಹೊಟ್ಟೆ ಹಿಡಿದು ನಕ್ಕರು. ಕಣ್ಣಕ್ಕನಿಗೆ ನಗುವಿನ ಜೊತೆಗೇ ಅಳುವೂ ಬಂತು. ಕೆಟ್ಟದ್ದು ತನ್ನ ಕೈಯಲ್ಲ, ಆ ಬಾಗಿಲು ಎಂದು ತಿಳಿದ ಅಳು ಅದು.

ಅವತ್ತೇ ಒಂದು ಕಟ್ಟುಪಾಡು ಮಾಡಿಕೊಂಡರು. ಅವನು ಒಳಗೆ ಕರೆದು ಅಂದದ್ದನ್ನೆಲ್ಲ ಟೀ ಹೊತ್ತಿಗೆ ಉಳಿದವರಿಗೆ ಹೇಳಬೇಕು. ಅವನು ಏನು ಹೇಳಿದರೂ ನಾಲ್ವರೂ ಒಟ್ಟಿಗೆ, ಗಟ್ಟಿಯಾಗಿ ಒಪ್ಪಿಸಬೇಕು. ಮರುದಿನ ಅವನು "ಪಾಪೆ ಚಿಕ್ಕದಿರಲಿ" ಎಂದ. "ಪಾಪೆ ಚಿಕ್ಕದಿರಲಿ ಅಂದ್ರು ಸಾರ್!" ಎಂದು ನಾಲ್ವರೂ ಮಗ್ಗಿ ಒಪ್ಪಿಸುವವರಂತೆ ಕೂಗಿದರು. ಗೋದಾಮಿನವರೂ ಇಣುಕಿ ನೋಡಿದರು. ಎರಡು ದಿನ ಕಳೆದರೂ ಪಾಪೆ ಚಿಕ್ಕದೇ ಇತ್ತು, ಯಾರಿಗೂ ಮರೆವು ಬರಲಿಲ್ಲ. ಅವನು ಒಳ್ಳೆಯವನಾದ ಎಂದಲ್ಲ, ಆ ಮೂತಿ ಬದಲಾಗುವಂಥದ್ದಲ್ಲ. ಸೇರಿಗೆ ಸವ್ವಾಸೇರು ಸಿಕ್ಕಿತ್ತು, ಅಷ್ಟೆ.

ತಿಂಗಳ ಕೊನೆಗೆ ಬಾಗಿಲು ಕಿರ್ ಎಂದಿತು. ಸೂಪರ್‌ವೈಸರ್ ಬಂದು ಕಣ್ಣಕ್ಕನ ಪಕ್ಕ ಮೇಜಿಗೆ ಕೈಯೂರಿ ನಿಂತ.

"ಒಳಗೆ ಬನ್ನಿ ಅಕ್ಕ, ಸ್ವಲ್ಪ ಮಾತಾಡೋದಿದೆ."

"ಇಲ್ಲೇ ಹೇಳಿ ಸಾರ್. ಹೇಗೂ ಟೀ ಹೊತ್ತಿಗೆ ಇವರಿಗೆಲ್ಲ ಹೇಳೋಳೇ ನಾನು."

ಪಟಾಕಿ ಕಿಸಕ್ಕೆಂದಳು. ಅವನು ಸುತ್ತ ನೋಡಿ ದನಿ ತಗ್ಗಿಸಿದ. "ಅದೇ, ಪ್ಯಾಕಿಂಗ್ ವಿಷಯ..."

"ನಾಲ್ಕು ಜನಾನೂ ಹೋಗ್ತೀವಿ ಸಾರ್, ನಾಲ್ಕು ಜನಕ್ಕೂ ಹೇಳಿದ್ರಲ್ಲ. ಕಣ್ಣು ಬರೆಯೋಕೆ ಯಾರು ಬರ್ತಾರೆ, ನೀವೇನಾ?"

"ಛೆ, ನಾನು ಯಾವಾಗ ಹಾಗೆ..."

"ಮೇಜಿನಿಂದ ಕೈ ತೆಗೀರಿ ಸಾರ್, ಅಲುಗಾಡತ್ತೆ. ಚುಕ್ಕೆ ಇಡ್ತಿದೀನಿ."

ಅವನು ಕೈ ತೆಗೆದ. ಕಣ್ಣಕ್ಕ ತಲೆ ಎತ್ತಲಿಲ್ಲ. "ನನ್ನ ನೋಡೇ ಪುಟ್ಟಿ," ಎಂದು ಎಲ್ಲರಿಗೂ ಕೇಳುವ ಹಾಗೆ ಗೊಂಬೆಯನ್ನು ಮುದ್ದಿಸಿ ಕುಂಚ ಊರಿದಳು. ಚುಕ್ಕೆ ಒಂದೇ ಸಲಕ್ಕೆ ಕೂತಿತು. ಸೂಪರ್‌ವೈಸರ್ ಗಂಟಲು ಸರಿಮಾಡಿಕೊಂಡು ಮತ್ತೆ ಬಾಯಿ ತೆರೆದ.

"ನಿಂತಿರಿ ಸಾರ್," ಎಂದಳು ಕಣ್ಣಕ್ಕ. "ಇನ್ನೊಂದು ಕಣ್ಣಿದೆ."