ದ್ರಾಕ್ಷಿ ಸಾಲಿನ ಸ್ಕಿಪ್ಪರ್

ವಿಜಯಪುರಕ್ಕೂ ಸಮುದ್ರಕ್ಕೂ ಎತ್ತಣ ಸಂಬಂಧ? ಆದರೂ ನಮ್ಮೂರಲ್ಲಿ ಸ್ಕಿಪ್ಪರುಗಳಿಗೆ ಬರವಿಲ್ಲ. ಅದು ಹಡಗು ನಡೆಸುವವನ ಹೆಸರಂತೆ. ನಮಗೆ ಬಂದದ್ದು ಕ್ರಿಕೆಟ್ ಕಾಮೆಂಟರಿಯಿಂದ. ಸೊಲ್ಲಾಪುರ ರಸ್ತೆಯ ಗ್ಯಾರೇಜೊಂದರಲ್ಲಿ ಹಿರಿಯ ಮಿಸ್ತ್ರಿಯನ್ನು ಎಲ್ಲರೂ ಹಾಗೆ ಕರೆಯುತ್ತಾರೆ, ಅದರಲ್ಲಿ ಗೌರವವಿದೆ. ನನ್ನ ಹೆಂಡತಿ ಹಾಗೆ ಕರೆದರೆ ಮಾತ್ರ ಗ್ಯಾಸ್ ಸಿಲಿಂಡರ್ ಖಾಲಿಯಾಗಿದೆ ಎಂದೇ ಅರ್ಥ. ನಾನು ಕಾಲೇಜಿನ ಮಾಸ್ತರ, ಸಿಬ್ಬಂದಿಯ ಕ್ರಿಕೆಟ್ ತಂಡಕ್ಕೆ ನಾಯಕ. ಮೈದಾನದಲ್ಲಿ ಯಾರಾದರೂ "ಸ್ಕಿಪ್ಪರ್" ಎಂದರೆ ಸಾಕು, ಎದೆ ಉಬ್ಬುತ್ತಿತ್ತು. ಬಬಲೇಶ್ವರದಲ್ಲಿ ಒಂದು ಪಂದ್ಯ ಸೋತಾಗ ವಿಕೆಟ್ ಕೀಪರನನ್ನು ಎಲ್ಲರೆದುರೇ ಝಾಡಿಸಿದ್ದೆ. ನಾಯಕನಾದವನು ಹಾಗೆಯೇ ಇರಬೇಕೆಂದು ನಂಬಿದ್ದೆ.

ತಿಕೋಟಾದ ಹತ್ತಿರ ನಮ್ಮದೊಂದು ದ್ರಾಕ್ಷಿ ತೋಟವಿದೆ. ಹೀಚು ಗೊನೆಗಳನ್ನು ಒಂದೊಂದಾಗಿ ಔಷಧಿಯ ಮಗ್ಗಿನಲ್ಲಿ ಅದ್ದುವ ಕೆಲಸಕ್ಕೆ ಅರಕೇರಿಯಿಂದ ಟಂಟಂ ಗಾಡಿಯಲ್ಲಿ ಹೆಣ್ಣುಮಕ್ಕಳ ಟೋಳಿ ಬರುತ್ತದೆ. ಅದರ ಮುಂದಾಳು ಗಟ್ಟಿ ದನಿಯ ಒಬ್ಬ ಹೆಂಗಸು. ಒಮ್ಮೆ ತಮಾಷೆಗೆ, "ಏನ ಸ್ಕಿಪ್ಪರ್, ಎಷ್ಟ ಸಾಲ ಆದ್ವು?" ಎಂದೆ.

"ಹಂಗಂದ್ರ ಏನ್ರಿ ಸರ?"

"ಟೋಳಿ ನಡಸಾಕಿ ಅಂತ."

"ಏನರ ಕರೀರಿ, ಮೊದಲ ಚಾ ತರಸ್ರಿ," ಎಂದಳು.

ಟೋಳಿಗೆ ಒಂದು ರಿವಾಜಿದೆ. ತೋಟದವರು ಹೇಳುವುದೇನಿದ್ದರೂ ಮುಂದಾಳಿಗೇ ಹೇಳಬೇಕು, ಸಾಲಿನಲ್ಲಿದ್ದವರಿಗೆ ನೇರ ಹೇಳುವಂತಿಲ್ಲ. ಇದು ನನಗೆ ಗೊತ್ತಿತ್ತು. ಆದರೆ ಒಂದು ಭಾನುವಾರ ಟೋಳಿಯ ಎಲ್ಲರಿಗಿಂತ ಹಿರಿಯಳಾದ ಮುದುಕಿಯ ಸಾಲಿಗೆ ಹೋದೆ. ಎಷ್ಟೋ ಗೊನೆಗಳು ಔಷಧಿ ತಾಗದೆ ಒಣಒಣವಾಗಿಯೇ ಇದ್ದವು. ಸಿಟ್ಟು ನೆತ್ತಿಗೇರಿತು.

"ಏನ ಆಯಿ, ಕಣ್ಣ ಕಾಣಸಂಗಿಲ್ಲೇನ? ಅರ್ಧಾ ಗೊನಿ ಹಂಗ ಬಿಟ್ಟೀಯಲ್ಲ! ಆಗದಿದ್ರ ಮನ್ಯಾಗ ಕುಂದ್ರು."

ಮುದುಕಿ ಗೊನೆಗಳನ್ನು ಕೈಯಿಂದ ಒಂದೊಂದಾಗಿ ಮುಟ್ಟಿ ನೋಡಿದಳು. ಪಕ್ಕದ ಸಾಲಿನವರು ಮಗ್ಗು ಕೆಳಗಿಟ್ಟು ಬದುವಿನ ಮೇಲೆ ಕೂತರು. ಮುಂದಾಳು ನನ್ನನ್ನು ಬಾವಿಯ ಕಡೆಗೆ ಕರೆದೊಯ್ದಳು.

"ಹೇಳೂದಿದ್ರ ನನಗ ಹೇಳಬೇಕಿತ್ರಿ ಸರ. ಎರಡ ವರ್ಷಾತು, ಆಕಿ ಕಣ್ಣ ಮಂಜಾಗ್ಯಾವ. ಆಕಿ ಬಿಟ್ಟ ಗೊನಿ ನಾವು ಹಿಂದಿಂದ ಅದ್ದಕೋತ ಬರ್ತೇವಿ. ನಿಮ್ಮ ತೋಟದಾಗ ಒಂದ ಗೊನಿ ಕೆಟ್ಟೈತೇನ್ರಿ?"

ಇಲ್ಲ, ಕೆಟ್ಟಿರಲಿಲ್ಲ.

"ಆಕಿಗೆ ಇದು ಗೊತ್ತಿರ್ಲಿಲ್ರಿ. ಇವತ್ತ ನೀವು ಗೊತ್ತ ಮಾಡಿದ್ರಿ."

ನನಗೆ ಭೂಮಿ ಬಾಯಿಬಿಡಬಾರದೇ ಅನಿಸಿತು. ತಪ್ಪಾಯಿತೆಂದು ಮುದುಕಿಗೆ ಅಲ್ಲಿಯೇ ಹೇಳಿದೆ. ಆಕೆ ತಲೆಯಾಡಿಸಿದಳು, ಟೋಳಿ ಎದ್ದು ಕೆಲಸ ಮುಗಿಸಿತು. ಸಿಟ್ಟಿನಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬಾರದು ಎನ್ನುತ್ತಾರೆ. ಮರುದಿನ ಟಂಟಂನಿಂದ ಎಲ್ಲರೂ ಇಳಿದರು, ಮುದುಕಿ ಇಳಿಯಲಿಲ್ಲ.

ಸಂಜೆ ಮುಂದಾಳನ್ನು ಕರೆದುಕೊಂಡು ಅರಕೇರಿಗೆ ಹೋದೆ. ಮುದುಕಿ ಕಟ್ಟೆಯ ಮೇಲೆ ಕೂತಿದ್ದಳು.

"ನಾಳಿಂದ ಬಾ ಆಯಿ. ಯಾರೂ ಏನೂ ಅನ್ನಂಗಿಲ್ಲ," ಎಂದೆ.

ನನ್ನ ದನಿ ಬಂದ ಕಡೆಗೆ ಮುಖ ತಿರುಗಿಸಿದಳು.

"ಎರಡ ವರ್ಷ ಇವ್ರು ತಮ್ಮ ಸಾಲೂ ಮಾಡಿ, ನನ್ನ ಸಾಲೂ ಮಾಡ್ಯಾರ. ನಾ ದುಡಿಯಾಕತ್ತೇನಿ ಅಂತ ತಿಳಕೊಂಡಿದ್ದೆ. ಇನ್ನ ಯಾವ ಮಾರಿ ಹೊತ್ತ ಬರ್ಲಿ, ಯಪ್ಪಾ?"